ಡೈನಸ್ಟಿ ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ಟ್ರೇಡ್ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು 12 ತಂಡಗಳ ಲೀಗ್. ಆಡುವವರೆಲ್ಲ ಕನ್ನಡದವರು. ಹತ್ತು ಮಂದಿ ಅಮೆರಿಕದ ಬೇರೆ ಬೇರೆ ಊರುಗಳಲ್ಲಿದ್ದಾರೆ. ಇನ್ನಿಬ್ಬರು ಕರ್ನಾಟಕಕ್ಕೆ ವಾಪಸ್ ಹೋದರೂ ತಂಡ ಬಿಟ್ಟಿಲ್ಲ. ಆಗಾಗ ಹೊಸಬರು ಸೇರುತ್ತಾರೆ, ಬಂದವರು ಕೇಳುವುದೂ ಹೆಚ್ಚುಕಮ್ಮಿ ಇವೇ ಪ್ರಶ್ನೆ. ಫೋನಿನಲ್ಲಿ ಹೇಳುವಾಗ ಅರ್ಧ ಮರೆತೇ ಹೋಗುತ್ತದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಅಮೆರಿಕನ್ ಫುಟ್‌ಬಾಲ್. ನಾವು ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುತ್ತೇವೆ, ಅವರು ಮೈದಾನದಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟ್, ವಾರವಾರ ನಮ್ಮ ತಂಡಗಳ ನಡುವೆ ಮ್ಯಾಚ್. ಟ್ರೇಡ್ ಅಂದರೆ ಒಂದು ತಂಡದವರು ಇನ್ನೊಂದು ತಂಡದವರ ಜೊತೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು. ನಮ್ಮ ಲೀಗ್ ಸೂಪರ್‌ಫ್ಲೆಕ್ಸ್, ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳನ್ನು ಇಬ್ಬರನ್ನು ಇಳಿಸಬಹುದು. ಪ್ರತಿ ಕ್ಯಾಚಿಗೆ ಒಂದು ಪಾಯಿಂಟ್. ನಿಮ್ಮ ನಿಯಮ ಬೇರೆ ಇದ್ದರೆ ಬೆಲೆಗಳೂ ಸ್ವಲ್ಪ ಆಚೀಚೆ ಆಗುತ್ತವೆ.

ನಾನು ಡ್ರೀಮ್11ನಲ್ಲಿ ಕ್ರಿಕೆಟ್ ತಂಡ ಕಟ್ಟಿದ್ದೇನೆ. ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಅಲ್ಲಿ ಒಂದು ಮ್ಯಾಚಿಗೆ ತಂಡ ಕಟ್ಟುತ್ತೀರಿ, ಮ್ಯಾಚ್ ಮುಗಿದರೆ ತಂಡವೂ ಮುಗೀತು. ಅಮೆರಿಕದ ಆಫೀಸುಗಳಲ್ಲಿ ಆಡುವ ಮಾಮೂಲಿ ಫ್ಯಾಂಟಸಿ ಲೀಗ್ ಒಂದು ಸೀಸನ್ ನಡೆಯುತ್ತದೆ. ಡೈನಸ್ಟಿಯಲ್ಲಿ ನೀವು ತೆಗೆದುಕೊಂಡ ಆಟಗಾರ ನೀವಾಗಿ ಕೊಡುವ ತನಕ ನಿಮ್ಮವನೇ. ವರ್ಷಕ್ಕೊಮ್ಮೆ ಕಾಲೇಜಿನಿಂದ ಬಂದ ಹೊಸ ಹುಡುಗರಿಗೆ ಮಾತ್ರ ಡ್ರಾಫ್ಟ್ ಇರುತ್ತದೆ. ಅದೇ ರೂಕಿ ಡ್ರಾಫ್ಟ್. ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬ ಹುಡುಗನನ್ನು ಆರಿಸುವ ಸರದಿಗೆ ಪಿಕ್ ಅನ್ನುತ್ತಾರೆ. ಕೊನೆಗೆ ಬಂದ ತಂಡಕ್ಕೆ ಮೊದಲ ಪಿಕ್, ಗೆದ್ದ ತಂಡಕ್ಕೆ ಕೊನೆಯ ಪಿಕ್. ಆಟಗಾರರನ್ನಷ್ಟೇ ಅಲ್ಲ, ಇನ್ನೂ ಎರಡು-ಮೂರು ವರ್ಷ ಆಚೆಗಿನ ಪಿಕ್‌ಗಳನ್ನೂ ಟ್ರೇಡ್ ಮಾಡಬಹುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಗಾದೆ ಇದೆಯಲ್ಲ, ಇಲ್ಲಿ ಆ ಕುಲಾವಿಗೂ ಮಾರ್ಕೆಟ್ ಇದೆ.

ಟ್ರೇಡ್ ಮಾಡದೆ ಗೆಲ್ಲೋಕೆ ಆಗಲ್ವಾ?

ಆಗಬಹುದು, ಆದರೆ ಕಷ್ಟ. ತಂಡಕ್ಕೆ ಆಟಗಾರರು ಬರುವುದು ಮೂರೇ ದಾರಿಯಲ್ಲಿ: ರೂಕಿ ಡ್ರಾಫ್ಟ್, ವೇವರ್ (ಯಾವ ತಂಡದಲ್ಲೂ ಇಲ್ಲದವರ ಪಟ್ಟಿ), ಟ್ರೇಡ್. ಡ್ರಾಫ್ಟ್ ವರ್ಷಕ್ಕೊಂದೇ ಸಲ. ವೇವರ್‌ನಲ್ಲಿ ಉಳಿದಿರುವವರು ಯಾರಿಗೂ ಬೇಡವಾದವರು. ತಂಡದ ದಿಕ್ಕನ್ನೇ ಬದಲಿಸಬೇಕು ಅಂದರೆ ಟ್ರೇಡ್ ಒಂದೇ ಇರುವುದು.

ನನ್ನ ತಂಡ ಈ ವರ್ಷ ಗೆಲ್ಲೋ ತಂಡವಾ, ಇನ್ನೂ ಕಟ್ಟಬೇಕಾದ ತಂಡವಾ? ಹೇಗೆ ಗೊತ್ತಾಗುತ್ತೆ?

ಈ ಪ್ರಶ್ನೆಗೆ ಉತ್ತರ ಸಿಗದೆ ಒಂದು ಆಫರ್ ಕೂಡ ಕಳಿಸಬೇಡಿ. ಗೆಲುವು-ಸೋಲಿನ ಪಟ್ಟಿ ನೋಡಬೇಡಿ, ಒಟ್ಟು ಪಾಯಿಂಟ್ ನೋಡಿ. ಎದುರಾಳಿಗಳು ಕೆಟ್ಟದಾಗಿ ಆಡಿದ ವಾರಗಳಲ್ಲೇ ನಿಮಗೆ ಮ್ಯಾಚ್ ಬಿದ್ದಿದ್ದರೆ 5-2 ಅಂತ ಕಾಣಿಸುತ್ತದೆ, ಆದರೆ ಪಾಯಿಂಟ್‌ನಲ್ಲಿ ನೀವು ಎಂಟನೇ ಸ್ಥಾನದಲ್ಲಿರುತ್ತೀರಿ. ಅದು ಗೆಲ್ಲುವ ತಂಡ ಅಲ್ಲ. ಪಾಯಿಂಟ್‌ನಲ್ಲಿ ಮೊದಲ ಮೂರು-ನಾಲ್ಕರಲ್ಲಿ ಇದ್ದೀರಾ? ಹಾಗಿದ್ದರೆ ಪಿಕ್ ಕೊಟ್ಟು ಈಗಲೇ ಆಡುವವರನ್ನು ತನ್ನಿ. ಕೊನೆಯ ನಾಲ್ಕರಲ್ಲಿ ಇದ್ದೀರಾ? ವಯಸ್ಸಾದವರನ್ನು ಕೊಟ್ಟು ಪಿಕ್ ಮತ್ತು ಹುಡುಗರನ್ನು ತನ್ನಿ.

ಎಲ್ಲಕ್ಕಿಂತ ಕಷ್ಟದ ಜಾಗ ನಡುವೆ. ಪ್ರತಿ ವರ್ಷ ಆರನೇ, ಏಳನೇ ಸ್ಥಾನ. ಕಪ್ಪೂ ಇಲ್ಲ, ಒಳ್ಳೆ ಪಿಕ್ಕೂ ಇಲ್ಲ. ನಾನು ಮೂರು ವರ್ಷ ಅಲ್ಲೇ ಇದ್ದೆ. ಪ್ರತಿ ಅಕ್ಟೋಬರ್‌ನಲ್ಲೂ 'ಇನ್ನೊಬ್ಬ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವ) ಸಿಕ್ಕರೆ ಸಾಕು' ಅಂದುಕೊಂಡು ಎರಡನೇ ಸುತ್ತಿನ ಪಿಕ್ ಕೊಡುತ್ತಿದ್ದೆ. ಮೂರು ಪಿಕ್ ಹೋದವು, ಸ್ಥಾನ ಮಾತ್ರ ಹಾಗೇ ಉಳಿಯಿತು. ನಡುವೆ ಇದ್ದರೆ ಯಾವುದಾದರೂ ಒಂದು ಕಡೆಗೆ ಹೊರಡಿ. ಯಾವ ಕಡೆ ಅನ್ನುವುದಕ್ಕಿಂತ ಹೊರಡುವುದು ಮುಖ್ಯ.

ಆಟಗಾರನನ್ನು ಯಾವ ವಯಸ್ಸಿಗೆ ಮಾರಬೇಕು?

ಆಡುವ ಜಾಗದ ಮೇಲೆ ಹೋಗುತ್ತದೆ. ರನ್ನಿಂಗ್ ಬ್ಯಾಕ್‌ನದು ಮೈ ಸವೆಯುವ ಕೆಲಸ. 26 ದಾಟಿದ ಮೇಲೆ ಮಾರ್ಕೆಟ್‌ನಲ್ಲಿ ಅವನ ಬೆಲೆ ಬೀಳುತ್ತಲೇ ಹೋಗುತ್ತದೆ, ಅವನು ಚೆನ್ನಾಗಿ ಆಡುತ್ತಿದ್ದರೂ ಸರಿ. ಎಸೆದ ಚೆಂಡು ಹಿಡಿಯುವ ವೈಡ್ ರಿಸೀವರ್‌ಗೆ 28, 29ರವರೆಗೆ ಬೆಲೆ ಇರುತ್ತದೆ. ಕ್ವಾರ್ಟರ್‌ಬ್ಯಾಕ್ 30 ದಾಟಿದರೂ ಯಾರೂ ಹೆದರುವುದಿಲ್ಲ.

ರನ್ನಿಂಗ್ ಬ್ಯಾಕ್ ಟಾಡ್ ಗರ್ಲಿಯನ್ನು ನೆನಪಿಸಿಕೊಳ್ಳಿ. 2017ರಲ್ಲಿ ವರ್ಷದ ಆಕ್ರಮಣಕಾರಿ ಆಟಗಾರ ಪ್ರಶಸ್ತಿ, 2018ರಲ್ಲಿ 21 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ಡೈನಸ್ಟಿಯಲ್ಲಿ ಆಗ ಅವನನ್ನು ಕೇಳಿದರೆ ಮನೆ ಬರೆದುಕೊಡಿ ಅನ್ನುತ್ತಿದ್ದರು. 2020ರ ಮಾರ್ಚ್‌ನಲ್ಲಿ, ಇನ್ನೂ 25ರ ವಯಸ್ಸಿನಲ್ಲಿ, ರ‍್ಯಾಮ್ಸ್ ತಂಡವೇ ಅವನನ್ನು ಬಿಟ್ಟುಬಿಟ್ಟಿತು. ಅಟ್ಲಾಂಟಾದಲ್ಲಿ ಒಂದು ಸೀಸನ್ ಆಡಿದ, ಅಲ್ಲಿಗೆ ಮುಗೀತು. ಬೆಲೆ ಮೇಲಿದ್ದಾಗ ಮಾರಿದವರು ಐದು ವರ್ಷಕ್ಕೆ ಆಗುವಷ್ಟು ಸಾಮಾನು ತಂದುಕೊಂಡರು. ಇಟ್ಟುಕೊಂಡವರಿಗೆ ಏನೂ ಉಳಿಯಲಿಲ್ಲ.

ಹಾಗಾದರೆ 27 ಆದ ರನ್ನಿಂಗ್ ಬ್ಯಾಕ್‌ನನ್ನು ಕಣ್ಣು ಮುಚ್ಚಿಕೊಂಡು ಮಾರಿಬಿಡಲಾ?

ಬೇಡ. ಇಲ್ಲಿ ನನ್ನದೇ ಒಂದು ಕಥೆ ಇದೆ. 2024ರ ಜನವರಿಯಲ್ಲಿ ನನ್ನ ಹತ್ತಿರ ಸ್ಯಾಕ್ವಾನ್ ಬಾರ್ಕ್ಲಿ ಇದ್ದ. ಅವನ ಹಿಂದಿನ ಸೀಸನ್ 962 ಯಾರ್ಡ್. ಫೆಬ್ರವರಿಗೆ 27 ತುಂಬುತ್ತಿತ್ತು. ಅವನ ತಂಡ ಜೈಂಟ್ಸ್ ಅವನನ್ನು ಇಟ್ಟುಕೊಳ್ಳುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಕಾಫಿ ಸೋಸುತ್ತಾ ನಿಂತಿದ್ದೆ, ಫೋನ್ ಸದ್ದು ಮಾಡಿತು. ಲೀಗ್‌ನ ಗೆಳೆಯನೊಬ್ಬನ ಆಫರ್: ಆ ವರ್ಷದ ಒಂದು ಎರಡನೇ ಸುತ್ತಿನ ಪಿಕ್, ಮುಂದಿನ ವರ್ಷದ ಇನ್ನೊಂದು. ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಒಪ್ಪಿಗೆ ಒತ್ತಿಬಿಟ್ಟೆ. ಮಾರ್ಚ್‌ನಲ್ಲಿ ಅವನು ಈಗಲ್ಸ್ ಸೇರಿದ. ಅಲ್ಲಿನ ಲೈನ್, ಅಂದರೆ ಎದುರಾಳಿಗಳನ್ನು ತಡೆದು ಓಡುವವನಿಗೆ ದಾರಿ ಮಾಡಿಕೊಡುವವರ ಸಾಲು, ಆಗ ದೇಶದಲ್ಲೇ ಒಳ್ಳೆಯ ಲೈನ್‌ಗಳಲ್ಲಿ ಒಂದಾಗಿತ್ತು. ಆ ಸೀಸನ್ 2,005 ಯಾರ್ಡ್ ಓಡಿದ. ತಗೊಂಡ ಗೆಳೆಯ ಕಪ್ ಗೆದ್ದ.

ವಯಸ್ಸು ನೋಡಿದ್ದು ನನ್ನ ತಪ್ಪಲ್ಲ. ಎರಡು ತಿಂಗಳು ಕಾಯದೇ ಇದ್ದದ್ದು ತಪ್ಪು. ಯಾವ ತಂಡಕ್ಕೆ ಹೋಗುತ್ತಾನೆ ಅಂತ ಗೊತ್ತಿಲ್ಲದಿದ್ದಾಗ ಬೆಲೆ ತಳದಲ್ಲಿರುತ್ತದೆ, ನಾನು ತಳದಲ್ಲೇ ಮಾರಿದೆ. ಡೆರಿಕ್ ಹೆನ್ರಿಯೂ ಅದೇ ವರ್ಷ, 30ರ ವಯಸ್ಸಿನಲ್ಲಿ, ರೇವನ್ಸ್ ಸೇರಿ 1,921 ಯಾರ್ಡ್ ಓಡಿದ. ನೀವು ಗೆಲ್ಲುವ ತಂಡ ಆಗಿದ್ದರೆ ಇಂಥ 'ಮುದುಕ'ರೇ ನಿಮಗೆ ಅಗ್ಗದಲ್ಲಿ ಸಿಗುವ ಚಿನ್ನ. ಕಟ್ಟುತ್ತಿರುವ ತಂಡದವರು ಅವರನ್ನು ಕೊಡೋಕೆ ಕಾಯುತ್ತಿರುತ್ತಾರೆ.

ರೂಕಿ ಪಿಕ್‌ನ ಬೆಲೆ ಯಾವಾಗ ಜಾಸ್ತಿ?

ಡ್ರಾಫ್ಟ್ ಹತ್ತಿರ ಬಂದಷ್ಟೂ ಜಾಸ್ತಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎಲ್ಲರೂ ಗೆಲ್ಲುವ ಹುಮ್ಮಸ್ಸಿನಲ್ಲಿ ಇರುತ್ತಾರೆ, ಮುಂದಿನ ವರ್ಷದ ಪಿಕ್ ಅಂದರೆ ಬರೀ ಒಂದು ಸಂಖ್ಯೆ. ಜನವರಿಯಿಂದ ಏರಲು ಶುರು. ಏಪ್ರಿಲ್ ಕೊನೆಗೆ ಎನ್‌ಎಫ್‌ಎಲ್ ಡ್ರಾಫ್ಟ್ ಆಗುತ್ತದೆ, ಯಾವ ಹುಡುಗ ಯಾವ ತಂಡ ಅಂತ ಗೊತ್ತಾಗುತ್ತದೆ, ಆಗ ಹುಚ್ಚು ಹಿಡಿಯುತ್ತದೆ. ನಿಮ್ಮ ಲೀಗ್‌ನ ರೂಕಿ ಡ್ರಾಫ್ಟ್ ಶುರುವಾಗಿ ಪಿಕ್ ಮಾಡುವ ಸರದಿ ಬಂದಾಗ ಬೆಲೆ ಶಿಖರದಲ್ಲಿರುತ್ತದೆ. ಯಾಕೆಂದರೆ ಆಗ ಅದು ಪಿಕ್ ಅಲ್ಲ, ಇನ್ನೊಬ್ಬನಿಗೆ ಬೇಕೇ ಬೇಕಾದ ಒಬ್ಬ ಹುಡುಗ.

ಆದ್ದರಿಂದ ಪಿಕ್‌ಗಳನ್ನು ಅಕ್ಟೋಬರ್‌ನಲ್ಲಿ ಕೂಡಿಹಾಕಿ, ಮೇ ತಿಂಗಳಲ್ಲಿ ಮಾರಿ. ಎಲ್ಲವನ್ನೂ ಮಾರಬೇಕಿಲ್ಲ. ಮೊದಲ ಮೂರು-ನಾಲ್ಕು ಪಿಕ್ ಇದ್ದರೆ ಇಟ್ಟುಕೊಂಡು ಆಟಗಾರನನ್ನೇ ತಗೊಳ್ಳಿ ಅನ್ನುತ್ತೇನೆ. ಅದರ ಕೆಳಗಿನವನ್ನು, ಒಳ್ಳೆಯ ಬೆಲೆ ಬಂದರೆ, ಈಗಾಗಲೇ ಆಡಿ ತೋರಿಸಿದವನಿಗೆ ಬದಲಿಸಿ.

ಯಾಕೆ? ಎಲ್ಲರೂ ರೂಕಿಗಳೇ ಬೇಕು ಅಂತಾರಲ್ಲ?

ದೂರದ ಬೆಟ್ಟ ನುಣ್ಣಗೆ. ಒಂದು ಪಂದ್ಯವನ್ನೂ ಆಡದ ಹುಡುಗ ಇನ್ನೂ ಒಂದು ತಪ್ಪೂ ಮಾಡಿರುವುದಿಲ್ಲ.

2019ರಲ್ಲಿ ಪೇಟ್ರಿಯಟ್ಸ್ ಮೊದಲ ಸುತ್ತಿನಲ್ಲಿ ಎನ್‌ಕೀಲ್ ಹ್ಯಾರಿಯನ್ನು ತಗೊಂಡಿತು. ಬಹಳ ಡೈನಸ್ಟಿ ಲೀಗ್‌ಗಳಲ್ಲಿ ಅವನು ಮೊದಲ ಕೆಲವು ಪಿಕ್‌ಗಳಲ್ಲೇ ಹೋದ. ಅದೇ ವರ್ಷ ಎನ್‌ಎಫ್‌ಎಲ್‌ನ ಎರಡನೇ ಸುತ್ತಿನಲ್ಲಿ ಹೋದವರು ಡೀಬೋ ಸ್ಯಾಮ್ಯುಯೆಲ್, ಎ.ಜೆ. ಬ್ರೌನ್, ಡಿ.ಕೆ. ಮೆಟ್‌ಕಾಫ್. ಮೂವರೂ ದೊಡ್ಡ ಆಟಗಾರರಾದರು. ಹ್ಯಾರಿ ಆಗಲಿಲ್ಲ. 2020ರಲ್ಲಿ ರನ್ನಿಂಗ್ ಬ್ಯಾಕ್ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಚೀಫ್ಸ್‌ಗೆ ಹೋದ, ದೊಡ್ಡ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಇರುವ ತಂಡ. ಎಷ್ಟೋ ಲೀಗ್‌ಗಳಲ್ಲಿ ಅವನೇ ನಂಬರ್ ಒನ್. ಒಂದು ಸೀಸನ್ನಿನಲ್ಲೂ 1,000 ಯಾರ್ಡ್ ಓಡಲಿಲ್ಲ. ಅವನ ಹಿಂದೆ ಹೋದ ಜೊನಾಥನ್ ಟೇಲರ್ ಮರುವರ್ಷವೇ 1,811 ಯಾರ್ಡ್ ಓಡಿದ. 22ನೇ ಪಿಕ್‌ನಲ್ಲಿ ವೈಕಿಂಗ್ಸ್ ಸೇರಿದ ಜಸ್ಟಿನ್ ಜೆಫರ್ಸನ್ ಲೀಗ್‌ನ ಅತಿ ದೊಡ್ಡ ರಿಸೀವರ್‌ಗಳಲ್ಲಿ ಒಬ್ಬನಾದ.

ಇನ್ನೊಂದು ಕಡೆ ನೋಡಿ. 2023ರಲ್ಲಿ ಐದನೇ ಸುತ್ತಿನಲ್ಲಿ, 177ನೇ ಪಿಕ್‌ನಲ್ಲಿ ಹೋದ ಪೂಕಾ ನಾಕುವಾ ಮೊದಲ ವರ್ಷವೇ 105 ಕ್ಯಾಚ್, 1,486 ಯಾರ್ಡ್ ಮಾಡಿದ. ಅದಕ್ಕೇ ನಮ್ಮ ರೂಕಿ ಡ್ರಾಫ್ಟ್‌ನ ಮೂರನೇ ಸುತ್ತಿನ ಪಿಕ್‌ಗಳನ್ನು ಟ್ರೇಡ್ ಮೇಲೆ ಕೊಸರು ಅಂತ ಕೇಳಿ ತಗೊಳ್ಳುತ್ತೇನೆ. ತರಕಾರಿಯವರ ಹತ್ತಿರ ಕೊತ್ತಂಬರಿ ಕೇಳಿದ ಹಾಗೆ. ಬಹಳ ಸಲ ಬಾಡಿಹೋಗುತ್ತದೆ, ಒಮ್ಮೊಮ್ಮೆ ನಾಕುವಾ ಸಿಗುತ್ತಾನೆ.

ಸೂಪರ್‌ಫ್ಲೆಕ್ಸ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಯಾಕೆ ಇಷ್ಟು ಬೆಲೆ?

ಲೆಕ್ಕ ಸರಳ. ಎನ್‌ಎಫ್‌ಎಲ್‌ನಲ್ಲಿ 32 ತಂಡ, ಅಂದರೆ ಯಾವುದೇ ವಾರ ಹೆಚ್ಚೆಂದರೆ 32 ಕ್ವಾರ್ಟರ್‌ಬ್ಯಾಕ್ ಪಂದ್ಯದ ಶುರುವಿನಿಂದ ಆಡುತ್ತಾರೆ. ನಮ್ಮ 12 ತಂಡಗಳೂ ತಲಾ ಇಬ್ಬರನ್ನು ಇಳಿಸಿದರೆ 24 ಹೋದರು. ಗಾಯ, ರಜಾ ವಾರ (ಎನ್‌ಎಫ್‌ಎಲ್ ತಂಡಕ್ಕೆ ಪಂದ್ಯ ಇಲ್ಲದ ವಾರ) ಅಂತ ಪ್ರತಿಯೊಬ್ಬರೂ ಮೂರನೆಯವನನ್ನು ಇಟ್ಟುಕೊಂಡರೆ 36 ಬೇಕು. ಸಾಮಾನೇ ಇಲ್ಲ! ಅದಕ್ಕೇ ಸುಮಾರಾಗಿ ಆಡುವ ಕ್ವಾರ್ಟರ್‌ಬ್ಯಾಕ್ ಕೂಡ ಮೊದಲ ಸುತ್ತಿನ ಪಿಕ್ ಎಳೆಯುತ್ತಾನೆ.

ಆದರೆ ಆಡುವ ಜಾಗ ಗಟ್ಟಿ ಇದೆಯಾ ಅಂತ ನೋಡಿ. 2021ರಲ್ಲಿ 49ರ್ಸ್ ತಂಡ ಹೊಸ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ಗಾಗಿ ಮೂರು ಮೊದಲ ಸುತ್ತಿನ ಪಿಕ್ ಮತ್ತು ಒಂದು ಮೂರನೇ ಸುತ್ತಿನ ಪಿಕ್ ಕೊಟ್ಟು ಡ್ರಾಫ್ಟ್‌ನಲ್ಲಿ ಮೂರನೇ ಸ್ಥಾನಕ್ಕೆ ಏರಿತು. 2023ರ ಆಗಸ್ಟ್‌ನಲ್ಲಿ ಅವನನ್ನು ನಾಲ್ಕನೇ ಸುತ್ತಿನ ಒಂದು ಪಿಕ್‌ಗೆ ಕೌಬಾಯ್ಸ್‌ಗೆ ಕೊಟ್ಟಿತು. ಅವನ ಜಾಗ ತಗೊಂಡವನು ಬ್ರಾಕ್ ಪರ್ಡಿ, 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಪಿಕ್. ಎನ್‌ಎಫ್‌ಎಲ್ ತಂಡವೇ ಹೀಗೆ ಎಡವಿತು ಅಂದಮೇಲೆ, ಇನ್ನೂ ಆಡದ ಕ್ವಾರ್ಟರ್‌ಬ್ಯಾಕ್‌ಗೆ ಆಡಿ ತೋರಿಸಿದವನ ಬೆಲೆ ಕೊಡುವ ಮುಂಚೆ ಎರಡು ಸಲ ಯೋಚಿಸಿ.

ಟೈಟ್ ಎಂಡ್‌ಗಳ ವಿಷಯ?

ಎದುರಾಳಿಯನ್ನು ತಡೆಯುವುದು, ಕ್ಯಾಚ್ ಹಿಡಿಯುವುದು ಎರಡನ್ನೂ ಮಾಡುವವರು ಇವರು. ತಾಳ್ಮೆ ಬೇಕು. ಟ್ರೇ ಮೆಕ್‌ಬ್ರೈಡ್ 2022ರಲ್ಲಿ 29 ಕ್ಯಾಚ್ ಹಿಡಿದ, 2024ರಲ್ಲಿ 111. ಮೊದಲ ವರ್ಷ ನೋಡಿ ಬೇಜಾರಾಗಿ ಬಿಡುವವರ ಹತ್ತಿರ ಹೋಗಿ ಕೇಳಿ. ಬ್ರಾಕ್ ಬವರ್ಸ್ ಹಾಗೆ ಮೊದಲ ವರ್ಷವೇ 112 ಕ್ಯಾಚ್ ಹಿಡಿಯುವವರು ತೀರಾ ಅಪರೂಪ.

ಒಬ್ಬ ದೊಡ್ಡ ಆಟಗಾರನಿಗೆ ನನ್ನ ಮೂವರನ್ನು ಕೊಡ್ತೀನಿ ಅಂದರೆ ಯಾರೂ ಒಪ್ಪಲ್ಲ, ಯಾಕೆ?

ಒಪ್ಪಬಾರದು ಕೂಡ. ಆಡುವ ಹನ್ನೊಂದರಲ್ಲಿ ಒಂದು ಜಾಗಕ್ಕೆ ಒಬ್ಬನೇ. ನೀವು ಕೊಡುವ ಮೂವರಲ್ಲಿ ಇಬ್ಬರು ಅವರ ಬೆಂಚಿನಲ್ಲಿ ಕೂರುತ್ತಾರೆ. ಮೇಲಾಗಿ ಮೂವರು ಬಂದರೆ ಇಬ್ಬರನ್ನು ಬಿಡಬೇಕು, ಅದೂ ಅವರಿಗೆ ಖರ್ಚೇ. ಮೂರು ಐವತ್ತರ ನೋಟು ಸೇರಿದರೆ ಅಂಗಡಿಯಲ್ಲಿ ನೂರೈವತ್ತು. ಇಲ್ಲಿ ಅಷ್ಟಾಗುವುದಿಲ್ಲ. ಜಮಾರ್ ಚೇಸ್‌ನಂಥ ದೊಡ್ಡ ರಿಸೀವರ್ ಬೇಕು ಅಂದರೆ ಲೆಕ್ಕಕ್ಕಿಂತ ಜಾಸ್ತಿಯೇ ಕೊಡಬೇಕು, ಅದರಲ್ಲಿ ಒಂದು ದೊಡ್ಡ ಹೆಸರು ಇರಲೇಬೇಕು.

ಹಾಗಂತ ಒಬ್ಬನನ್ನು ಕೊಟ್ಟು ಹಲವರನ್ನು ತಗೊಳ್ಳುವುದು ಯಾವಾಗಲೂ ತಪ್ಪು ಅಂತಲ್ಲ. ನಿಜವಾದ ಎನ್‌ಎಫ್‌ಎಲ್‌ನಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 1989ರ ಅಕ್ಟೋಬರ್‌ನಲ್ಲಿ ಡಲ್ಲಸ್ ಕೌಬಾಯ್ಸ್ ತನ್ನ ಒಬ್ಬನೇ ಸ್ಟಾರ್, ರನ್ನಿಂಗ್ ಬ್ಯಾಕ್ ಹರ್ಷೆಲ್ ವಾಕರ್‌ನನ್ನು ಮಿನೆಸೋಟಾ ವೈಕಿಂಗ್ಸ್‌ಗೆ ಕೊಟ್ಟಿತು. ಬದಲಿಗೆ ಹಲವು ಆಟಗಾರರು ಮತ್ತು ರಾಶಿ ಪಿಕ್‌ಗಳು ಬಂದವು. ಆ ವರ್ಷ ಡಲ್ಲಸ್ ಗೆದ್ದದ್ದು 16ರಲ್ಲಿ ಒಂದೇ ಪಂದ್ಯ. ಆದರೆ ಆ ಪಿಕ್‌ಗಳಲ್ಲಿ ಒಂದನ್ನು ಬಳಸಿ ಡ್ರಾಫ್ಟ್‌ನಲ್ಲಿ ಮೇಲೇರಿ 1990ರಲ್ಲಿ ರನ್ನಿಂಗ್ ಬ್ಯಾಕ್ ಎಮ್ಮಿಟ್ ಸ್ಮಿತ್‌ನನ್ನು ತಂದರು. 1992, 1993, 1995ರ ಸೀಸನ್ನುಗಳಲ್ಲಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಅವರು ತಾವು ಸೋಲುವ ತಂಡ ಅಂತ ಒಪ್ಪಿಕೊಂಡಿದ್ದರು. ವೈಕಿಂಗ್ಸ್ ತಾವು ಒಬ್ಬನ ಕೊರತೆಯಿಂದ ಮಾತ್ರ ಹಿಂದಿದ್ದೇವೆ ಅಂದುಕೊಂಡಿದ್ದರು. ಮೂರು ವರ್ಷ ನಡುವೆ ನಿಂತು ಪಿಕ್ ಕೊಟ್ಟ ನಾನು ಮಾಡಿದ್ದೂ ಅದೇ ಅಲ್ವಾ?

ಟ್ರೇಡ್ ಕ್ಯಾಲ್ಕುಲೇಟರ್ ನಂಬಬಹುದಾ?

ಮಾರ್ಕೆಟ್ ರೇಟು ತಿಳಿಯೋಕೆ ನಂಬಿ. ಕೀಪ್‌ಟ್ರೇಡ್‌ಕಟ್ ಅನ್ನುವ ವೆಬ್‌ಸೈಟ್ ಜನರ ಮುಂದೆ ಮೂರು ಮೂರು ಹೆಸರಿಟ್ಟು, ಯಾರನ್ನು ಇಟ್ಟುಕೊಳ್ಳುತ್ತೀರಿ, ಯಾರನ್ನು ಟ್ರೇಡ್ ಮಾಡುತ್ತೀರಿ, ಯಾರನ್ನು ಬಿಡುತ್ತೀರಿ ಅಂತ ಕೇಳಿ ಬೆಲೆ ಕಟ್ಟುತ್ತದೆ. ಅಂದರೆ ಅದು ಜನರ ಮನಸ್ಸಿನ ಬೆಲೆ. ಭಾನುವಾರ ಒಬ್ಬ ಚೆನ್ನಾಗಿ ಆಡಿದರೆ ಸೋಮವಾರ ಏರುತ್ತದೆ. ಆದರೆ ನಿಮ್ಮ ಹತ್ತಿರ ಎಷ್ಟು ಕ್ವಾರ್ಟರ್‌ಬ್ಯಾಕ್ ಇದ್ದಾರೆ, ಎದುರಿನವನಿಗೆ ಏನು ಕೊರತೆ ಅಂತ ಅದಕ್ಕೆ ಗೊತ್ತಿಲ್ಲ. 'ಕ್ಯಾಲ್ಕುಲೇಟರ್‌ನಲ್ಲಿ ನಿನಗೇ ಲಾಭ ತೋರಿಸ್ತಿದೆ' ಅಂತ ಸ್ಕ್ರೀನ್‌ಶಾಟ್ ಕಳಿಸಬೇಡಿ. ಅದರಿಂದ ಒಂದೂ ಟ್ರೇಡ್ ಆಗಿದ್ದು ನಾನು ಕಂಡಿಲ್ಲ.

ಮತ್ತೆ ಆಫರ್ ಹೇಗೆ ಕಳಿಸಬೇಕು?

ಮೊದಲು ಅವರ ತಂಡವನ್ನು ಪೂರ್ತಿ ಓದಿ. ನಿಮಗೆ ಯಾರು ಬೇಕು ಅನ್ನುವುದು ಆಮೇಲೆ. ಅವರಿಗೆ ಏನಿಲ್ಲ? ಅದು ನಿಮ್ಮ ಬೆಂಚಿನಲ್ಲಿ ಇದೆಯಾ? ಇದ್ದರೆ ಮಾತ್ರ ಮೆಸೇಜ್ ಮಾಡಿ. ನನಗೆ ಬಂದ ಅತಿ ಒಳ್ಳೆಯ ಮೆಸೇಜ್ ಇದು: 'ಮಾರಾಯ, ನಿನ್ನ ಹತ್ರ ಮೂರನೇ ಕ್ವಾರ್ಟರ್‌ಬ್ಯಾಕ್ ಇಲ್ಲ, ಒಂಬತ್ತನೇ ವಾರ ನಿನ್ನ ಇಬ್ರಿಗೂ ರಜಾ. ನನ್ನ ಹತ್ರ ನಾಲ್ಕು ಜನ ಇದ್ದಾರೆ. ರಿಸೀವರ್‌ಗಳಲ್ಲಿ ನೀನು ಯಾರನ್ನ ಕೊಡೋಕೆ ಮನಸ್ಸು ಮಾಡ್ತೀಯ, ನೀನೇ ಹೇಳು.' ನಾನು ನನ್ನ ತಂಡವನ್ನೇ ಅಷ್ಟು ಸರಿಯಾಗಿ ನೋಡಿರಲಿಲ್ಲ. ಹತ್ತು ನಿಮಿಷದಲ್ಲಿ ಟ್ರೇಡ್ ಆಯಿತು. ಇಬ್ಬರಿಗೂ ಒಳ್ಳೆಯದಾಯಿತು.

ಕೆಟ್ಟ ಆಫರ್ ಹತ್ತು ಕಳಿಸಿ ಒಂದಾದರೂ ಬೀಳಲಿ ಅನ್ನುವವರೂ ಇದ್ದಾರೆ. ಆರು ತಿಂಗಳಲ್ಲಿ ಅವರ ಹೆಸರು ಕಂಡರೆ ಓದದೇ ತಳ್ಳಿಹಾಕುತ್ತಾರೆ. ಈ ಲೀಗ್ ಹತ್ತು ವರ್ಷ ನಡೆಯಬೇಕಾದ್ದು, ಇದೇ ಹನ್ನೊಂದು ಜನರ ಜೊತೆ. ಇಲ್ಲ ಅನ್ನುವಾಗಲೂ ಒಂದು ಸಾಲು ಬರೆಯಿರಿ: 'ಅವನನ್ನ ಕೊಡಲ್ಲ, ಆದ್ರೆ ಇವನ ಬಗ್ಗೆ ಮಾತಾಡೋಣ.'

ಗಾಯಗೊಂಡ ಆಟಗಾರನನ್ನು ತಗೊಳ್ಳಬಹುದಾ?

ಕಟ್ಟುವ ತಂಡಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ, ಹುಡುಗ ಚಿಕ್ಕವನಾಗಿದ್ದರೆ. ರನ್ನಿಂಗ್ ಬ್ಯಾಕ್ ಬ್ರೀಸ್ ಹಾಲ್ 2022ರ ಅಕ್ಟೋಬರ್‌ನಲ್ಲಿ ಮಂಡಿಯೊಳಗಿನ ಎಸಿಎಲ್ ಅನ್ನುವ ಕಟ್ಟು ಹರಿದುಕೊಂಡ. ಆಗ ಅವನ ಯಜಮಾನ ಕಪ್‌ಗೆ ಹೋರಾಡುತ್ತಿದ್ದರೆ ಸುಮ್ನೆ ಬೆಂಚಿನಲ್ಲಿ ಇಟ್ಟುಕೊಂಡು ಏನು ಮಾಡುತ್ತಾನೆ? 2023ರಲ್ಲಿ ಹಾಲ್ 994 ಯಾರ್ಡ್ ಓಡಿದ, 76 ಕ್ಯಾಚ್ ಹಿಡಿದ. 28 ದಾಟಿದ ರನ್ನಿಂಗ್ ಬ್ಯಾಕ್ ಆಗಿದ್ದರೆ ಮುಟ್ಟಬೇಡಿ. ಗಾಯದ ಮೇಲೆ ಗಾಯವಾಗಿ ಬೇಸತ್ತು ಆಟಗಾರ ಇದ್ದಕ್ಕಿದ್ದ ಹಾಗೆ ಆಟವನ್ನೇ ಬಿಡಬಹುದು ಅನ್ನುವುದೂ ನೆನಪಿರಲಿ. ಕ್ವಾರ್ಟರ್‌ಬ್ಯಾಕ್ ಆಂಡ್ರ್ಯೂ ಲಕ್ 29ರ ವಯಸ್ಸಿನಲ್ಲಿ, 2019ರ ಆಗಸ್ಟ್ 24ರಂದು ನಿವೃತ್ತಿ ಅಂದುಬಿಟ್ಟ. ಅದನ್ನು ಯಾವ ಲೆಕ್ಕವೂ ಹಿಡಿಯುವುದಿಲ್ಲ.

ಅನ್ಯಾಯದ ಟ್ರೇಡ್ ಅನ್ನಿಸಿದರೆ ಲೀಗ್ ತಡೆಯಬೇಕಾ?

ಇಬ್ಬರು ಒಳಸಂಚು ಮಾಡಿದ್ದಾರೆ ಅಂತ ಸಾಕ್ಷಿ ಇದ್ದರೆ ಕಮಿಷನರ್ (ಲೀಗ್ ನಡೆಸುವವರು) ತಡೆಯಲಿ. ಇಲ್ಲದಿದ್ದರೆ ಬೇಡ. ನನ್ನ ಬಾರ್ಕ್ಲಿ ಟ್ರೇಡ್ ಆದ ದಿನ ಗುಂಪಿನಲ್ಲಿ ಅರ್ಧ ಜನ ನಾನೇ ಗೆದ್ದೆ ಅಂದಿದ್ದರು.

ನಾವು ಮಾಡಿಕೊಂಡ ಒಂದು ನಿಯಮ ಮಾತ್ರ ಎಲ್ಲರಿಗೂ ಹೇಳುತ್ತೇನೆ. ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಕೊಡುವವರು ಆ ವರ್ಷದ ಲೀಗ್ ಹಣವನ್ನು ಅವತ್ತೇ ಕಟ್ಟಬೇಕು. ಹಿಂದೆ ಒಬ್ಬರು ಎರಡು ವರ್ಷದ ಪಿಕ್‌ಗಳನ್ನೆಲ್ಲ ಮಾರಿ, ಕಪ್ ಸಿಗದೆ, ಲೀಗ್ ಬಿಟ್ಟು ಹೋದರು. ಆ ಬರಿದಾದ ತಂಡ ತಗೊಳ್ಳೋಕೆ ಜನ ಹುಡುಕಲು ನಾಲ್ಕು ತಿಂಗಳು ಹಿಡಿಯಿತು.

ಭಾರತದಿಂದ ಆಡೋಕೆ ಆಗುತ್ತಾ?

ಖಂಡಿತ. ಭಾನುವಾರದ ಮೊದಲ ಪಂದ್ಯಗಳು ಅಲ್ಲಿ ರಾತ್ರಿ 10:30ಕ್ಕೆ, ನವೆಂಬರ್‌ನಲ್ಲಿ ಅಮೆರಿಕದ ಗಡಿಯಾರ ಬದಲಾದ ಮೇಲೆ 11:30ಕ್ಕೆ. ಟ್ರೇಡ್ ವಿಷಯದಲ್ಲಿ ಅಲ್ಲಿರುವವರಿಗೆ ಒಂದು ಅನುಕೂಲವೂ ಇದೆ. ಇಲ್ಲಿ ನಾವು ಮಲಗಿರುವಾಗ ಯಾರದಾದರೂ ಗಾಯದ ಸುದ್ದಿ ಬಂದರೆ ಮೈಸೂರಿನ ನಮ್ಮ ಗೆಳೆಯ ಬೆಳಗಿನ ತಿಂಡಿ ಮುಗಿಸುವಷ್ಟರಲ್ಲಿ ನೋಡಿರುತ್ತಾನೆ.

ಯಾರೋ ಬಿಟ್ಟುಹೋದ ತಂಡ ತಗೊಂಡಿದ್ದೇನೆ. ಮೊದಲು ಏನು ಮಾಡಲಿ?

ಎರಡು ವಾರ ಏನೂ ಮಾಡಬೇಡಿ. ಬಂದ ದಿನವೇ ಆರೇಳು ಆಫರ್ ಬರುತ್ತವೆ, ಎಲ್ಲವೂ ನಿಮ್ಮ ಒಬ್ಬನೇ ಒಳ್ಳೆಯ ಆಟಗಾರನ ಮೇಲೆ. ಯಾವುದಕ್ಕೂ ಒಪ್ಪಬೇಡಿ, ಆದರೆ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದಿಡಿ. ಯಾರಿಗೆ ಯಾರು ಬೇಕು, ಯಾರು ಏನು ಕೊಡಲು ತಯಾರಿದ್ದಾರೆ ಅಂತ ಅವರೇ ನಿಮಗೆ ಹೇಳಿಬಿಟ್ಟಿರುತ್ತಾರೆ. ಮೂರನೇ ವಾರ ಆ ಕಾಗದ ಹಿಡಿದು, ನಿಮ್ಮ ಆಟಗಾರನನ್ನು ಕೇಳಿದವರಲ್ಲಿ ಅತಿ ಹೆಚ್ಚು ಪಿಕ್ ಇರುವವರಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನ್ ಮಾಡಿ. ಮೊದಲ ಟ್ರೇಡ್ ಮಾತಾಡಿಯೇ ಆಗಲಿ.